ಗುರುತು ಸಿಗದ ಹಾಗೆ ಬಣ್ಣ ಹಚ್ಚಿ ಎಂದ ಜಯಮ್ಮ

ನಮ್ಮ ವೃತ್ತಿಯಲ್ಲಿ ನಿವೃತ್ತಿಯ ದಿನ ಎಂಬುದೊಂದಿಲ್ಲ. ಹಾರ, ಶಾಲು, ಹಣ್ಣಿನ ಬುಟ್ಟಿ, ಮೇಲಧಿಕಾರಿಯ ಹೃತ್ಪೂರ್ವಕ ಸುಳ್ಳು, ಇವು ಯಾವುವೂ ಮೇಕಪ್ಪಿನವನಿಗೆ ಸಲ್ಲುವುದಿಲ್ಲ. ಒಂದು ಸಂಜೆ ಒಬ್ಬ ರಾಜನ ಎಡಮೀಸೆ ಬಲಮೀಸೆಗಿಂತ ಅರ್ಧ ಬೆರಳು ಮೇಲೆ ಕುಳಿತಿತು. ರಾಜ ಅದನ್ನು ಕನ್ನಡಿಯಲ್ಲಿ ನೋಡಿದ. ಮೊದಲಾಗಿದ್ದರೆ ನನ್ನನ್ನು ಬೈಯುತ್ತಿದ್ದ. ಅಂದು ನನ್ನ ವಯಸ್ಸಿಗೆ ಗೌರವ ಕೊಟ್ಟು ಸುಮ್ಮನಾದ. ಗೌರವ ಸಿಕ್ಕಿದಾಗಲೇ ತಿಳಿಯಿತು, ಇನ್ನು ಬಣ್ಣದ ಪೆಟ್ಟಿಗೆ ಮುಚ್ಚಬೇಕು ಎಂದು. ಗಿರಿನಗರದ ಮನೆಯಲ್ಲಿ ಅದು ಅಟ್ಟ ಸೇರಿತು.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, ಅನುಭವ ಹೇಳಿ ಅಂಕಲ್ ಎನ್ನುತ್ತಾರೆ. ನಾನು ಬಣ್ಣ ಹಚ್ಚಿದ ದೊಡ್ಡವರ ಹೆಸರು ಕೇಳುವುದು ಅವರ ಉದ್ದೇಶ. ದೊಡ್ಡವರ ಮುಖವೂ ಎಣ್ಣೆ ಹಚ್ಚಿದರೆ ಜಾರುತ್ತದೆ, ಅಷ್ಟೇ. ಅದರ ಬದಲು ಕಳೆದ ತಿಂಗಳು ಜೆ.ಪಿ. ನಗರದಲ್ಲಿ ನೋಡಿದ ಒಂದು ನಾಟಕದ ವಿಷಯ ಬರೆಯುತ್ತೇನೆ. ಅಂದು ನೋಡಲು ಹೋದವನು ಕೆಲಸಕ್ಕೆ ಕೂರಬೇಕಾಯಿತು. ಉತ್ತರಹಳ್ಳಿಯ ಜಯಮ್ಮ ಎಂಬವರು, ಪ್ರೇಕ್ಷಕರಲ್ಲಿ ಕುಳಿತ ಮಗನಿಗೆ ತನ್ನ ಗುರುತು ಸಿಗದಂತೆ ಮುಖ ಮಾಡಿಕೊಟ್ಟರೆ ಮಾತ್ರ ರಂಗಕ್ಕೆ ಬರುತ್ತೇನೆ, ಇಲ್ಲದಿದ್ದರೆ ಮನೆಗೆ ಹೋಗುತ್ತೇನೆ ಎಂದು ಪಟ್ಟು ಹಿಡಿದಿದ್ದರು.

ಮೊದಲು ನಿರ್ದೇಶಕಿಯ ಪರಿಚಯ ಆಗಬೇಕು. ಮೇಘನಾ ನನಗೆ ಅವಳ ಯುಕೆಜಿಯಿಂದ ಗೊತ್ತು, ಅದೂ ನೀಲಿ ಬಣ್ಣದಲ್ಲಿ. ಹೊಸಬರಿಗೆ ತಿಳಿದಿರಲಿ, ಈ ವೃತ್ತಿಯಲ್ಲಿ ಹೊಟ್ಟೆ ತುಂಬುವುದು ಗಂಭೀರ ನಾಟಕಗಳಿಂದಲ್ಲ, ಸ್ಕೂಲ್ ಡೇಗಳಿಂದ. ಜಯನಗರದ ಒಂದು ಶಾಲೆಯ ಹೆಡ್‌ಮಿಸ್ಸು ಮಹಾ ಪ್ರಜಾಪ್ರಭುತ್ವವಾದಿ. ಯಾವ ತಾಯಿಗೂ ಬೇಸರವಾಗಬಾರದೆಂದು ಒಂದಿಡೀ ತರಗತಿಯನ್ನು ಕೃಷ್ಣ ಮಾಡಿದ್ದರು. ಗೋಪಿಕೆಯರನ್ನು ಪಕ್ಕದ ತರಗತಿಯಿಂದ ಎರವಲು ತಂದಿದ್ದರು. ಅರ್ಧ ಕೃಷ್ಣರು ಸಿದ್ಧರಾಗುವಷ್ಟರಲ್ಲಿ ನನ್ನ ನೀಲಿ ಮುಗಿಯಿತು. ಎದುರಿನ ಅಂಗಡಿಯಲ್ಲಿ ಬಿಳಿ ಬಟ್ಟೆಗೆ ಹಾಕುವ ನೀಲಿ ಸಿಕ್ಕಿತು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದೆ. ಸಾಕ್ಷಾತ್ ದೇವರ ಬಣ್ಣವೇ ಬಂತು. ಸಮಾರಂಭ ಸಾಂಗವಾಗಿ ನೆರವೇರಿತು. ಸೋಮವಾರ ಬೆಳಿಗ್ಗೆ ಅರ್ಧ ತರಗತಿ ಇನ್ನೂ ಅವತಾರ ಮುಗಿಸದೆ ಶಾಲೆಗೆ ಬಂತು. ಹೆಡ್‌ಮಿಸ್ಸು ನನ್ನನ್ನು ಕರೆಸಿ, ಸಾಲಾಗಿ ನಿಂತ ತಾಯಂದಿರ ಮುಂದೆ ಬಿಟ್ಟು ತಾವು ಒಳಗೆ ಹೋದರು. ಯಾವ ಬಣ್ಣವನ್ನೇ ಆಗಲಿ, ಹಚ್ಚುವ ಮೊದಲು ತೆಗೆಯುವುದು ಹೇಗೆಂದು ಯೋಚಿಸಬೇಕು ಎಂಬ ಪಾಠವನ್ನು ನಾನು ಕಲಿತದ್ದು ಅಲ್ಲಿ.

ಕಿವಿಯ ಹಿಂದೆ ಬಹಳ ದಿನ ನೀಲಿ ಉಳಿಸಿಕೊಂಡ ಮಗುವೇ ಮೇಘನಾ. ಈಗ ಅವಳು ನಾಟಕ ಮಾಡಿಸುತ್ತಾಳೆ. ಅವಳ ನಾಟಕಗಳಲ್ಲಿ ಯಾರೂ ಬಣ್ಣ ಹಚ್ಚುವುದಿಲ್ಲ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಅವಳು ಹೇಳುತ್ತಾಳೆ.

ಬಣ್ಣ ಬೇಡ ಎಂಬುದು ಈಗಿನ ಪದ್ಧತಿ. ನಾನು ಕಲಿಯುವಾಗ ಬಿಳಿ ಪುಡಿ, ಅರಿಶಿನ, ಕುಂಕುಮ, ದೀಪದ ಕಾಡಿಗೆ, ಇವನ್ನು ಎಣ್ಣೆಯಲ್ಲಿ ಅರೆಯುತ್ತಿದ್ದೆವು. ಕಡೆಯ ಸಾಲಿನವನಿಗೂ ನಟನ ಕಣ್ಣು ಕಾಣಬೇಕು ಎಂಬುದೊಂದೇ ಶಾಸ್ತ್ರ. ಆಮೇಲೆ ಪ್ಯಾನ್‌ಕೇಕ್ ಎಂಬ ಸಿದ್ಧ ಬಣ್ಣದ ಬಿಲ್ಲೆ ಬಂತು. ಆಮೇಲೆ ಸಣ್ಣ ರಂಗಮಂದಿರಗಳು ಬಂದು ಕಡೆಯ ಸಾಲೇ ಹತ್ತಿರವಾಯಿತು. ಎಲ್‌ಇಡಿ ದೀಪ ಬಂದ ಹೊಸದರಲ್ಲಿ ನನ್ನ ನಾಯಕಿಯರೆಲ್ಲ ಕಾಮಾಲೆ ರೋಗಿಗಳಂತೆ ಕಂಡರು. ಅಷ್ಟರಲ್ಲಿ ಬಂದ ನಿರ್ದೇಶಕರು ಮೇಕಪ್ ಇದೆ ಎಂದು ಗೊತ್ತಾಗಬಾರದು ಎಂದರು. ಅವರ ನಂತರದವರಿಗೆ ಮೇಕಪ್ಪಿನವನು ಇದ್ದಾನೆ ಎಂಬುದೂ ಗೊತ್ತಾಗುವುದು ಬೇಡವಾಯಿತು. ಕಲೆ ಹೀಗೆ ಬೆಳೆಯುತ್ತದೆ.

ಆ ಶನಿವಾರ ನಾನು ಮೇಘನಾ ಕೊಟ್ಟ ಟಿಕೆಟ್ ಜೇಬಿನಲ್ಲಿಟ್ಟುಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ರಂಗಮಂದಿರದ ಕೆಳಗೆ ಕಾಫಿ ಕುಡಿಯುತ್ತಾ ಕುಳಿತಿದ್ದೆ. ಜೀವಮಾನವೆಲ್ಲ ನಾಟಕವನ್ನು ಪಕ್ಕದಿಂದ ನೋಡಿದವನಿಗೆ ಎದುರಿನಿಂದ ನೋಡುವುದು ಒಂದು ಐಷಾರಾಮ. ಅಷ್ಟರಲ್ಲಿ ಮೇಘನಾ ಓಡಿ ಬಂದಳು.

"ಅಂಕಲ್, ಸ್ವಲ್ಪ ಒಳಗೆ ಬರ್ತೀರಾ? ನಮ್ಮ ಜಯಮ್ಮ ಸ್ಟೇಜಿಗೆ ಬರಲ್ಲ ಅಂತ ಕೂತಿದಾರೆ."

"ನಿನ್ನ ನಾಟಕದಲ್ಲಿ ಬಣ್ಣಾನೇ ಇಲ್ವಲ್ಲಮ್ಮ. ನಾನೇನು ಮಾಡ್ಲಿ?"

"ಇವತ್ತು ಒಬ್ರಿಗೆ ಇದೆ," ಎಂದಳು. ಸೋತ ದನಿ.

ದಾರಿಯಲ್ಲಿ ವಿಷಯ ಹೇಳಿದಳು. ನಾಟಕದಲ್ಲಿ ಇರುವವರು ನಟಿಯರಲ್ಲ. ಬಿಳೇಕಹಳ್ಳಿ ಕಡೆಯ ಒಬ್ಬ ಗಾರ್ಮೆಂಟ್ಸ್ ಹುಡುಗಿ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮೇಡಂ, ಒಬ್ಬ ನರ್ಸು, ಜಯಮ್ಮ. ಒಬ್ಬೊಬ್ಬರೂ ತಮ್ಮ ಬಾಳಿನ ಒಂದು ಸಂಗತಿಯನ್ನು ತಾವೇ ಹೇಳುವುದು. ಜಯಮ್ಮ ಹೇಳಬೇಕಾದದ್ದು ತಮ್ಮ ಅತ್ತೆಯ ವಿಷಯ. ಅತ್ತೆ ತೀರಿಕೊಂಡ ದಿನ ಅವರೊಂದು ಕೆಲಸ ಮಾಡಿದ್ದರು, ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ತಿಂಗಳುಗಟ್ಟಲೆ ಭಜನೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ತಾಲೀಮಿಗೆ ಬಂದಿದ್ದರು. ಈಗ ಪರದೆಯ ಸಂದಿಯಿಂದ ನೋಡಿದರೆ ಮಗ ಮಂಜುನಾಥ ಮತ್ತು ಸೊಸೆ ಕಾವ್ಯ ಮೂರನೇ ಸಾಲಿನಲ್ಲಿ ಬಂದು ಕುಳಿತಿದ್ದಾರೆ.

ಒಳಗೆ ಜಯಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರಂತೆ ಕುಳಿತಿದ್ದರು. ಐವತ್ತೈದರ ಆಸುಪಾಸು. ಅಗಲ ಮುಖ, ಮೂಗುಬೊಟ್ಟು, ಸೊಸೆಯ ಕೃಪೆಯಿಂದ ಕಪ್ಪಾದ ಕೂದಲು. ಅವರ ಮನೆಯವರು ಒಂದು ಕಾಲದಲ್ಲಿ ರಾಗಿ ಬೆಳೆದ ಹೊಲದಲ್ಲಿ ಈಗ ಪಿ.ಜಿ. ಹುಡುಗಿಯರ ಕಟ್ಟಡ ಎದ್ದಿದೆ. ಅದಕ್ಕೆ ಅತ್ತೆಯ ಹೆಸರು. ಬಾಗಿಲಲ್ಲಿ ಅತ್ತೆಯ ಫೋಟೋ, ಅದಕ್ಕೆ ದಿನಾ ಹೂವು. ಹೂವು ಹಾಕುವವನು ಮಗ.

"ಊರೋರ ಮುಂದೆ ಹೇಳಕ್ಕೆ ನಂಗೇನೂ ಭಯ ಇಲ್ಲಣ್ಣ," ಎಂದರು. "ಅವರ್ಯಾರೋ ನಾನ್ಯಾರೋ. ಆದ್ರೆ ಇವನಿಗೆ ಅಜ್ಜಿ ಅಂದ್ರೆ ದೇವ್ರು. ನನ್ನ ಬಾಯಿಂದ ಅದು ಅವನ ಕಿವಿಗೆ ಬಿದ್ರೆ ನಾಳೆಯಿಂದ ಆ ಮನೇಲಿ ಹೆಂಗಿರಲಿ? ಬೇರೆ ಯಾರೋ ಹೆಂಗಸು ಹೇಳ್ತಾವ್ಳೆ ಅಂದ್ಕೊಳ್ಳಲಿ. ಅಂಥ ಮುಖ ಮಾಡ್ಕೊಡಿ."

ಮುಖವನ್ನೇನೋ ಮಾಡಬಹುದು, ದನಿಗೆ ಏನು ಮಾಡುವುದು ಎಂದು ಕೇಳಿದೆ.

"ನಮ್ಮನೇಲಿ ನನ್ನ ದನೀನ ಯಾರು ಕೇಳವ್ರೆ, ಗುರುತು ಹಿಡಿಯಕ್ಕೆ."

ನರ್ಸಮ್ಮ ನಕ್ಕರು. ಉಳಿದವರೂ ನಕ್ಕರು. ಜಯಮ್ಮ ನಗಲಿಲ್ಲ.

ಗುರುತು ಮರೆಸಲು ಎಷ್ಟೋ ಉಪಾಯಗಳಿವೆ. ಮೇಣದ ಮೂಗು ಅಂಟಿಸಬಹುದು, ಕೆನ್ನೆಯೊಳಗೆ ಹತ್ತಿ ಇಡಬಹುದು, ಹುಬ್ಬು ಅಳಿಸಿ ಬೇರೆ ಕಡೆ ಬರೆಯಬಹುದು. ಪೆಟ್ಟಿಗೆ ಅಟ್ಟದ ಮೇಲಿದ್ದುದರಿಂದ ಅವೆಲ್ಲ ಗಿರಿನಗರದಲ್ಲೇ ಉಳಿದವು. ಹೆಂಗಸರ ಬ್ಯಾಗುಗಳನ್ನು ಸುರಿಸಿದೆ. ಗಾರ್ಮೆಂಟ್ಸ್ ಹುಡುಗಿಯ ಕಣ್ಣುಕಪ್ಪಿನ ಪೆನ್ಸಿಲ್, ಮೇಡಂ ಅವರ ಕಂದು ಲಿಪ್‌ಸ್ಟಿಕ್, ನರ್ಸಮ್ಮನ ಪೌಡರ್ ಡಬ್ಬ ಮತ್ತು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಇಷ್ಟರಲ್ಲಿ ಆಗುವುದು ಒಂದೇ, ಮುಪ್ಪು. ಜಯಮ್ಮನವರನ್ನು ಎಂಬತ್ತರ ಮುದುಕಿ ಮಾಡಿಬಿಟ್ಟರೆ ಯಾವ ಮಗನೂ ತಾಯಿ ಎನ್ನಲಾರ ಎಂದು ತೀರ್ಮಾನಿಸಿದೆ.

ಮುಪ್ಪಿನ ಮೇಕಪ್ಪನ್ನು ನನಗೆ ಕಲಿಸಿದವರು ಗುರುಗಳಾದ ಮುನಿಸ್ವಾಮಪ್ಪನವರು. ಕಂಪನಿ ನಾಟಕದಲ್ಲಿ ಬೆಳೆದವರು, ಬೈಗುಳದಲ್ಲಿ ಕೊಡುಗೈ. ನಾನು ಮಾಡಿದ ಮೊದಲ ಮುದುಕನ ಹಣೆಯ ಮೇಲೆ ಅಡ್ಡಡ್ಡ ಗೆರೆ ಎಳೆದಿದ್ದೆ. ಅವರು ನೋಡಿ, "ಏನಯ್ಯಾ, ಇವನು ಮುದುಕನೋ, ವಿಭೂತಿ ಬಳ್ಕೊಂಡ ಮಾಣಿಯೋ?" ಎಂದು ಕೇಳಿದರು. ಆಮೇಲೆ ತೋರಿಸಿಕೊಟ್ಟರು. ಗೆರೆಯನ್ನು ನೀನು ಹುಟ್ಟಿಸಬೇಡ. ಕೂರಿಸಿ ನಗಿಸು, ಹುಬ್ಬು ಗಂಟಿಕ್ಕಿಸು, ಬಿಸಿಲಿಗೆ ಕಣ್ಣು ಕಿರಿದು ಮಾಡಿದಂತೆ ಮಾಡಿಸು. ಮುಖ ತಾನಾಗಿ ಎಲ್ಲಿ ಮಡಚುತ್ತದೋ ಅಲ್ಲಿ ಕಪ್ಪು ಕೊಡು, ಅದರ ಪಕ್ಕದ ಉಬ್ಬಿಗೆ ಬಿಳುಪು ಕೊಡು. ಆ ಮುಖ ಮುಂದೆ ಏನಾಗಲಿದೆಯೋ ಅದನ್ನು ಇವತ್ತೇ ಕರೆಸಿಕೋ. ಗುರುಗಳ ಈ ಮಾತನ್ನು ನಾನು ಎಂದೂ ಮೀರಲಿಲ್ಲ, ಅದೂ ನನಗೆ ಎಂದೂ ಕೈಕೊಡಲಿಲ್ಲ. ಅಂದು ಮಾತ್ರ ಕೊಟ್ಟಿತು.

ಜಯಮ್ಮನವರನ್ನು ನಗಿಸಲು ಸಾಧ್ಯವಿರಲಿಲ್ಲ. ಗಂಟಿಕ್ಕುವುದು ಕೇಳದೆಯೇ ಸಿಕ್ಕಿತು. ಕಣ್ಣಿನ ಕೆಳಗೆ, ಮೂಗಿನ ಎರಡು ಪಕ್ಕ, ಗಲ್ಲದ ಮೂಲೆಯಲ್ಲಿ ಗೆರೆಗಳು ತಾವೇ ಜಾಗ ತೋರಿಸಿದವು. ಕೂದಲಿಗೆ ಪೌಡರ್ ಉಜ್ಜಿ ಬಿಳಿ ಮಾಡಿದೆ. ಕೆಲಸ ಮುಗಿಯುವವರೆಗೆ ಕನ್ನಡಿ ಕೊಡಬಾರದು ಎಂಬುದು ನಮ್ಮ ಪದ್ಧತಿ. ಅರ್ಧ ಮುಖ ನೋಡಿದವರು ಸಲಹೆ ಕೊಡಲು ಶುರು ಮಾಡುತ್ತಾರೆ. ಮುಗಿದ ಮೇಲೆ, ವರ್ಷಗಳ ನಂತರ ಮಾಡಿದ ಕೆಲಸ ಎಂಬ ಹೆಮ್ಮೆಯಿಂದಲೇ ಅವರನ್ನು ಕನ್ನಡಿಯ ಕಡೆ ತಿರುಗಿಸಿದೆ.

ಜಯಮ್ಮ ಎದ್ದು ನಿಂತರು. ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ತಲೆ ತಗ್ಗಿಸಿದರು. ನನಗೆ ಸಂತೋಷವಾಗಿ, ಹೇಗಿದೆ ಎಂದು ಕೇಳಿದೆ.

"ಅತ್ತೆ," ಎಂದರು.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅವರೇ ಹೇಳಿದರು. "ನಮ್ಮತ್ತೆ ಅಂದ್ರೆ ನಮ್ಮಪ್ಪನ ಅಕ್ಕನೇ ಅಣ್ಣ. ಸೋದರತ್ತೆ ಮಗಂಗೇ ನನ್ನ ಕೊಟ್ಟಿದ್ದು. ಬಾಗಿಲಲ್ಲಿರೋ ಫೋಟೋದಲ್ಲಿ ಹಿಂಗೇ ಅವ್ಳೆ."

ಮಗ ದಿನಾ ಹೂವು ಹಾಕುವ ಮುಖವನ್ನೇ ನಾನು ಮಾಡಿಟ್ಟಿದ್ದೆ. ನಮ್ಮ ಕಡೆ ಸೋದರ ಸಂಬಂಧದಲ್ಲಿ ಮದುವೆಯಾಗುವುದು ಹೊಸದಲ್ಲ. ನಮ್ಮ ಮನೆಯಲ್ಲೂ ಅತ್ತೆ ಸೊಸೆಯರಿಗೆ ಒಂದೇ ಗಲ್ಲ, ಒಂದೇ ಸಿಟ್ಟು. ಇಷ್ಟು ವರ್ಷ ಮುಖ ಓದಿದವನಿಗೆ ಅದೊಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲ. ಹೊಸಬರು ಗಮನಿಸಿ, ಮುಖ ಮರೆಸುವ ಮೊದಲು ಮನೆತನ ವಿಚಾರಿಸಿ.

ಮೇಘನಾಳ ಕಣ್ಣು ಮಾತ್ರ ಹೊಳೆಯಿತು. ನಿರ್ದೇಶಕರ ಜಾತಿಯೇ ಹಾಗೆ, ಮನೆಗೆ ಬೆಂಕಿ ಬಿದ್ದರೂ ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡುತ್ತಾರೆ. "ಇದು ಇನ್ನೂ ಪವರ್‌ಫುಲ್ ಆಗುತ್ತೆ ಜಯಮ್ಮ. ಹೀಗೇ ಬಂದುಬಿಡಿ," ಎಂದಳು.

"ಬ್ಯಾಡಮ್ಮ. ಅವಳ ಮೂತಿ ಇಟ್ಕೊಂಡು ಅವಳ ಮೇಲೇ ಹೇಳದಾ? ಸತ್ತೋಳು ಎದುರುತ್ತರ ಕೊಡಕ್ಕಾಗಲ್ಲ." ಕನ್ನಡಿಯನ್ನು ಮತ್ತೊಮ್ಮೆ ನೋಡಿದರು. ಈ ಸಲ ಸ್ವಲ್ಪ ಹೊತ್ತು. ಆಮೇಲೆ ನನ್ನ ಕಡೆ ತಿರುಗಿದರು. "ಒರೆಸಿ ಅಣ್ಣ."

ಇನ್ನೇನಾದರೂ ಮಾಡಲೇ, ಹುಬ್ಬನ್ನಾದರೂ ಬದಲಿಸಲೇ ಎಂದು ಕೇಳಿದೆ. ಅಷ್ಟರಲ್ಲಿ ಮೊದಲ ಬೆಲ್ ಆಯಿತು.

"ಏನೂ ಬ್ಯಾಡ. ನಂದೇ ಇರಲಿ. ಆಗಿದ್ದಾಗಲಿ."

ಬಂದೇ ಬರುತ್ತೀರಾ ಎಂದು ಮೇಘನಾ ಕೇಳಿದಳು. ಜಯಮ್ಮ ಕೈಚೀಲವನ್ನು ಅವಳ ಕೈಗೆ ಕೊಟ್ಟರು. ನಾನು ನರ್ಸಮ್ಮನ ಎಣ್ಣೆಯನ್ನೆಲ್ಲ ಸುರಿದು ಒರೆಸಿದೆ. ಕೂದಲಿನ ಪೌಡರನ್ನು ಟವಲಿನಿಂದ ಕೊಡವಿದೆವು. ಗೆರೆಗಳು ಹೋದವು, ಎಣ್ಣೆಯ ಜಿಡ್ಡು ಉಳಿಯಿತು.

ನನ್ನ ಸೀಟು ಮಗ ಸೊಸೆಯ ಹಿಂದಿನ ಸಾಲಿನಲ್ಲಿ, ಸ್ವಲ್ಪ ಪಕ್ಕಕ್ಕೆ ಇತ್ತು. ಮಂಜುನಾಥನಿಗೆ ಮೂವತ್ತೈದು ಇರಬಹುದು. ನೇರಳೆ ಅಂಗಿ, ಅಗಲ ಬೆನ್ನು. ಹೆಂಡತಿ ಯಾಕೆ ಇಲ್ಲಿಗೆ ಕರೆತಂದಳೆಂದು ತಿಳಿಯದೆ ಮೊಬೈಲ್ ನೋಡುತ್ತಿದ್ದ.

ನಾಟಕದ ಹೆಸರು ಬರೆಯುವುದಿಲ್ಲ, ಜಾಹೀರಾತು ಎಂದುಕೊಳ್ಳುತ್ತಾರೆ. ರಂಗದ ಮೇಲೆ ಒಂದು ಉದ್ದನೆಯ ಬೆಂಚು, ಅಷ್ಟೇ. ಗಾರ್ಮೆಂಟ್ಸ್ ಹುಡುಗಿ ಶೌಚಕ್ಕೆ ಹೋಗಲು ಸೂಪರ್‌ವೈಸರ್ ಹತ್ತಿರ ಟೋಕನ್ ಕೇಳುವುದನ್ನು ಮಾಡಿ ತೋರಿಸಿದಳು. ಮೊದಲ ಸಲ ಎಲ್ಲರೂ ನಕ್ಕರು. ಅವಳು ಅದನ್ನು ಮತ್ತೆ ಮತ್ತೆ ಕೇಳುತ್ತಾ ಹೋದಂತೆ ನಗು ಕಡಿಮೆಯಾಗಿ, ಕೊನೆಗೆ ಎಲ್ಲರೂ ಅಲುಗಾಡದೆ ಕುಳಿತರು. ಬ್ಯಾಂಕಿನ ಮೇಡಂ ಊರಿನವರ ಮನೆಗಳಿಗೆಲ್ಲ ಸಾಲ ಮಂಜೂರು ಮಾಡಿದವರು. ತಮ್ಮ ಮನೆಯ ಪರದೆಯ ಬಣ್ಣ ಬದಲಿಸಲು ಯಜಮಾನರ ಒಪ್ಪಿಗೆಗೆ ಕಾದದ್ದನ್ನು ಕಚೇರಿಯ ಭಾಷೆಯಲ್ಲಿ ವರದಿಯಂತೆ ಒಪ್ಪಿಸಿದರು. ನನ್ನ ಪಕ್ಕದಲ್ಲಿದ್ದ ಹಿರಿಯರು ಕೆಮ್ಮಿದರು. ನಾನೂ ನಮ್ಮ ಮನೆಯ ಪರದೆಗಳು ಯಾವ ಬಣ್ಣವೆಂದು ನೆನಪಿಸಿಕೊಳ್ಳಲು ಹೋಗಿ, ನೆನಪಾಗದೆ ಬಿಟ್ಟೆ.

ಆಮೇಲೆ ಜಯಮ್ಮ ಬಂದರು. ಬೆಂಚಿನ ಮೇಲೆ ಕೂರದೆ ನೆಲದ ಮೇಲೆ ಕುಳಿತು, ಇಲ್ಲದ ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಇಲ್ಲದ ಕೋಲಿನಿಂದ ಮುದ್ದೆ ತಿರುವತೊಡಗಿದರು. ಮಂಜುನಾಥನ ಮೊಬೈಲಿನ ಬೆಳಕು ಆರಿತು. ದನಿಯನ್ನೂ ಜಯಮ್ಮ ಬದಲಿಸಲಿಲ್ಲ.

"ನಮ್ಮತ್ತೆ ಬಿದ್ದು ಮಲಗಿದ್ಲು, ವರ್ಷಗಟ್ಟಲೆ. ಬಾಯಿ ಒಂದು ಮಲಗಲಿಲ್ಲ. ಮುದ್ದೆ ಗಂಟಾಗೈತೆ ಅಂತ ತಟ್ಟೆ ತಳ್ಳೋಳು. ಮತ್ತೆ ತಿರುವೋಳು ನಾನು. ಎತ್ತಿ ಕೂರ್ಸೋಳು, ಒರೆಸೋಳು, ತೊಳೆಯೋಳು. ಒಂದಿನ ಹೋಗ್ಬಿಟ್ಲು. ಬೀದಿಯೆಲ್ಲ ಬಂದು ಅತ್ರು. ನನ್ನೂ ಹಿಡ್ಕೊಂಡು ಅತ್ರು. ನಂಗೆ ಅಳು ಬರಲಿಲ್ಲ. ಹಸಿವಾಯ್ತು."

ತಿರುವುವ ಕೈ ನಿಂತಿತು.

"ಹೆಣ ಇರೋ ಮನೇಲಿ ಒಲೆ ಹಚ್ಚಂಗಿಲ್ಲ, ಬಾಯಿಗೆ ಏನೂ ಹಾಕಂಗಿಲ್ಲ. ಹಿತ್ತಲಿಗೆ ಹೋದೆ. ರಾತ್ರಿದು ತಂಗಳು ಮುದ್ದೆ ಇತ್ತು, ಅವಳು ಬ್ಯಾಡ ಅಂತ ತಳ್ಳಿದ್ದು. ನಿಂತ್ಕೊಂಡೇ ತಿಂದೆ. ಒಳಗೆ ಅವಳಿನ್ನೂ ಮಲಗವ್ಳೆ, ನಾನು ಬೆರಳು ನೆಕ್ತಾ ಇದ್ದೀನಿ. ಅಷ್ಟು ರುಚಿಯಾದ ಮುದ್ದೆ ನಾನು ಯಾವತ್ತೂ ತಿಂದಿಲ್ಲ. ಬಾಯಿ ತೊಳ್ಕೊಂಡು ಒಳಕ್ಕೆ ಬಂದು ಅಳೋರ ಜೊತೆ ಕೂತೆ."

ಮೇಘನಾ ಬರೆಸಿದ್ದು ಅಲ್ಲಿಗೆ ಮುಗಿಯುತ್ತದಂತೆ. ಜಯಮ್ಮ ಏಳಲಿಲ್ಲ.

"ಇವತ್ತು ಒಳಗಡೆ ಕನ್ನಡೀಲಿ ಅವಳನ್ನ ನೋಡ್ದೆ," ಎಂದರು. "ಅವಳ್ದೂ ನಂದೂ ಒಂದೇ ಮೂತಿ. ಅವಳಿಗೂ ಒಬ್ಬಳು ಅತ್ತೆ ಇದ್ಲಲ್ಲ, ಅವಳು ಸತ್ತಾಗ ಇವಳೂ ಹಿತ್ತಲಲ್ಲಿ ನಿಂತು ಏನಾದ್ರೂ ತಿಂದಿದ್ಲೋ ಏನೋ. ಕೇಳನ ಅಂದ್ರೆ ಅವಳಿಲ್ಲ. ಇದ್ದಾಗ ಕೇಳಿದ್ರೆ ಹೊಡೀತಿದ್ಲು."

ನಗಬೇಕೋ ಬೇಡವೋ ಎಂದು ಸಭೆಗೆ ತಿಳಿಯಲಿಲ್ಲ. ಸೊಸೆ ಕಾವ್ಯ ಒಬ್ಬಳೇ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮುಖ ನೋಡಿ ಬದುಕಿದವನಿಗೆ ಹಿಂದಿನ ಸಾಲಿನಿಂದಲೂ ಸ್ವಲ್ಪ ತಿಳಿಯುತ್ತದೆ. ಮಗನ ಕಿವಿ ಕೆಂಪಾಗಿತ್ತು. ಅದು ಸಿಟ್ಟಿನ ಕೆಂಪೋ ಅವಮಾನದ ಕೆಂಪೋ ಎಂದು ಹೇಳುವಷ್ಟು ನಾನು ಪರಿಣತನಲ್ಲ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ಅವನು ಕುಳಿತೇ ಇದ್ದ. ಮುಗಿದ ಮೇಲೆ ಕಾವ್ಯ ಒಳಗೆ ಹೋಗಿ ಅತ್ತೆಯನ್ನು ಕೈ ಹಿಡಿದು ಕರೆತಂದಳು. ಅವನು ಆಗಲೇ ಕಾರಿನಲ್ಲಿ ಹೋಗಿ ಕುಳಿತು ಎಂಜಿನ್ ಶುರು ಮಾಡಿದ್ದ. ಮೂವರೂ ಹೊರಟುಹೋದರು.

ಮಾರನೆಯ ಸಂಜೆ ಇನ್ನೊಂದು ಪ್ರದರ್ಶನವಿತ್ತು. ಜಯಮ್ಮ ಬರುತ್ತಾರೋ ಇಲ್ಲವೋ ಎಂದು ಮೇಘನಾಳಿಗೆ ಗೊತ್ತಿರಲಿಲ್ಲ. ಫೋನು ಎತ್ತಿರಲಿಲ್ಲ. ನಾನು ಯಾರೂ ಕರೆಯದೆಯೇ ಹೋದೆ, ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿಕೊಂಡು.

ಜಯಮ್ಮ ಎಲ್ಲರಿಗಿಂತ ಮೊದಲೇ ಬಂದು ಅದೇ ಕುರ್ಚಿಯಲ್ಲಿ ಕುಳಿತಿದ್ದರು. ನನ್ನ ಪೆಟ್ಟಿಗೆ ನೋಡಿ, "ಒಂಚೂರು ಪೌಡರ್ ಹಾಕಿ ಅಣ್ಣ. ನಿನ್ನೆ ಮೂಗು ದೀಪದ ಥರ ಹೊಳೀತಿತ್ತಂತೆ, ಕಾವ್ಯ ಹೇಳಿದ್ಲು," ಎಂದರು. ಕಾವ್ಯಳಿಗೆ ಮೊದಲೇ ಎಲ್ಲ ಗೊತ್ತಿತ್ತಂತೆ. ನಾಟಕದ ಪೋಸ್ಟರನ್ನು ಮೊಬೈಲಿನಲ್ಲಿ ನೋಡಿದ್ದಳು, ಗಂಡನಿಗೆ ಏನೂ ಹೇಳದೆ ಟಿಕೆಟ್ ತೆಗೆಸಿದ್ದಳು.

ಪೌಡರ್ ಹಚ್ಚುತ್ತಾ ಮಗನ ವಿಷಯ ಕೇಳಿದೆ.

"ಮನೇಗೆ ಬಂದ, ಅಜ್ಜಿ ಫೋಟೋ ಮುಂದೆ ನಿಂತ್ಕಂಡ. ನನ್ನ ಕತೆ ಮುಗೀತು ಅಂದ್ಕೊಂಡೆ. ಆಮೇಲೆ ಅಡಿಗೆಮನೆ ಬಾಗಿಲಿಗೆ ಬಂದ. ಕಣ್ಣಲ್ಲಿ ನೀರು."

"ಏನಂದ?"

"ನಂಗೂ ಅವತ್ತು ಹಸಿವಾಗಿತ್ತಮ್ಮ, ನನ್ನ ಯಾಕೆ ಕರೀಲಿಲ್ಲ, ಅಂದ."

ಹೇಳುತ್ತಾ ಹೇಳುತ್ತಾ ಜಯಮ್ಮನವರಿಗೆ ನಗು ಬಂತು, ತಡೆಯಲಾರದಷ್ಟು. ನಗುವ ಮುಖಕ್ಕೆ ಪೌಡರ್ ಹಚ್ಚಬಾರದು, ಅದು ಒಂದೇ ಸಮ ಕೂರುವುದಿಲ್ಲ. ನಗು ನಿಲ್ಲುವ ತನಕ ಕಾಯಬೇಕು. ಮೊದಲ ಬೆಲ್ ಆಯಿತು, ಎರಡನೆಯದೂ ಆಯಿತು. ಪೌಡರಿನ ಸ್ಪಂಜು ಹಿಡಿದುಕೊಂಡು ಕಾಯುತ್ತಾ ನಿಂತೆ.